ನೌಕರರಿಗೆ ಷೇರು: ಕೊಡುವ ಮುನ್ನ ಮರಳಿ ಕೊಳ್ಳುವವರನ್ನು ನಿಶ್ಚಯಿಸಿ

ನುರಿತ ಎಂಜಿನಿಯರರನ್ನೂ ವ್ಯವಸ್ಥಾಪಕರನ್ನೂ ಉಳಿಸಿಕೊಳ್ಳುವುದು ಹೇಗೆಂಬ ಪ್ರಶ್ನೆ ಬಂದಾಗ ನಮ್ಮ ಪ್ರೈವೇಟ್ ಲಿಮಿಟೆಡ್ ಕಂಪೆನಿಗಳ ಅನೇಕ ಒಡೆಯರು ಷೇರು ಹಂಚಿಕೆಯ ಮಾತೆತ್ತುತ್ತಾರೆ. ಸಂಬಳ ಏರಿಸುವುದಕ್ಕಿಂತ ಇದು ಅಗ್ಗವೆಂಬುದು ಅವರ ಎಣಿಕೆ. ಕಂಪೆನಿಯ ಮಟ್ಟಿಗೆ ಅದು ನಿಜವಿರಬಹುದು. ನೌಕರನ ಮಟ್ಟಿಗೆ ಯಾವಾಗಲೂ ಅಲ್ಲ.

ಎಲ್ಲರ ಕಣ್ಣ ಮುಂದಿರುವ ಆದರ್ಶ ಇನ್ಫೋಸಿಸ್. 1994ರಲ್ಲಿ ಆ ಸಂಸ್ಥೆಯು ನೌಕರರ ಕಲ್ಯಾಣ ಟ್ರಸ್ಟಿಗೆ ತಲಾ 1 ರೂಪಾಯಿಯಂತೆ 7,50,000 ವಾರಂಟುಗಳನ್ನು ನೀಡಿತು. ವಾರಂಟ್ ಪಡೆದ ನೌಕರನು ಒಂದು ವರ್ಷದ ಬಳಿಕ, ಒಟ್ಟು 100 ರೂ.ಗೆ 10 ರೂ. ಮುಖಬೆಲೆಯ ಒಂದು ಷೇರನ್ನು ಪಡೆಯಬಹುದಾಗಿತ್ತು. ಆದರೆ ಐದು ವರ್ಷ ಅದನ್ನು ಮಾರುವಂತಿರಲಿಲ್ಲ. ನಡುವೆ ಕೆಲಸ ಬಿಟ್ಟರೆ 100 ರೂ.ಗೇ ಟ್ರಸ್ಟಿಗೆ ಮರಳಿಸಬೇಕಾಗಿತ್ತು. ಪೇಟೆಯ ಬೆಲೆಗೂ ಈ ಬೆಲೆಗೂ ಇದ್ದ ಅಂತರವು ಸಂಬಳದ ಭಾಗವೆಂದು ತೆರಿಗೆ ಇಲಾಖೆ ವಾದಿಸಿತು. ಮಾರಲು ಬಾರದ ಷೇರಿನ ಪ್ರಯೋಜನವನ್ನು ಅಂದಿನ ಕಾಯಿದೆಯಡಿ ಆದಾಯವೆಂದು ಎಣಿಸಲಾಗದೆಂದು 2008ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಈ ತೀರ್ಪನ್ನು ಇಂದಿಗೂ ಉದ್ಧರಿಸುವವರು ‘ಅಂದಿನ’ ಎಂಬ ಮಾತನ್ನು ಮರೆಯುತ್ತಾರೆ. ಕಾಯಿದೆ ಆ ಬಳಿಕ ಬದಲಾಗಿದೆ. 2007ರಲ್ಲಿ ಈ ಹೊರೆಯನ್ನು ಫ್ರಿಂಜ್ ಬೆನಿಫಿಟ್ ತೆರಿಗೆಯ ರೂಪದಲ್ಲಿ ಕಂಪೆನಿಯ ಮೇಲೆ ಹೊರಿಸಲಾಯಿತು. 2009ರಲ್ಲಿ ಆ ತೆರಿಗೆ ರದ್ದಾಗಿ ಹೊರೆ ನೌಕರನ ಹೆಗಲಿಗೇ ಮರಳಿತು.

ಇನ್ನೊಂದು ಸಂಗತಿಯೂ ಮರೆಯಾಗುತ್ತದೆ. ಇನ್ಫೋಸಿಸ್ 1993ರಲ್ಲೇ ಷೇರುಪೇಟೆಗೆ ಬಂದಿತ್ತು. ಕಾಯುವ ಅವಧಿ ಮುಗಿದಾಗ ಕೊಳ್ಳುವವರು ಪೇಟೆಯಲ್ಲಿದ್ದರು. ಪೀಣ್ಯದ ಅಥವಾ ಹುಬ್ಬಳ್ಳಿಯ ಕುಟುಂಬ ಕಂಪೆನಿಯ ಷೇರಿಗೆ ಅಂಥ ಪೇಟೆ ಎಲ್ಲಿದೆ?

ಒಂದು ಲೆಕ್ಕ ನೋಡೋಣ. ನೌಕರನೊಬ್ಬನಿಗೆ ತಲಾ 10 ರೂ.ಗಳಂತೆ 1,000 ಷೇರು ಪಡೆಯುವ ಹಕ್ಕಿದೆಯೆಂದಿಟ್ಟುಕೊಳ್ಳಿ. ಅವನು ಹಕ್ಕು ಚಲಾಯಿಸಿದ ದಿನಕ್ಕೆ ಮರ್ಚೆಂಟ್ ಬ್ಯಾಂಕರರು ಕಟ್ಟಿದ ಮೌಲ್ಯ ತಲಾ 500 ರೂ. ವ್ಯತ್ಯಾಸವಾದ 4,90,000 ರೂ. ಅವನ ಸಂಬಳಕ್ಕೆ ಸೇರುತ್ತದೆ. ಶೇಕಡಾ 30ರ ದರ ಹಾಗೂ ಶೇಕಡಾ 4ರ ಸೆಸ್ ಸೇರಿ ತೆರಿಗೆ 1,52,880 ರೂ. ಕಂಪೆನಿ ಇದನ್ನು ಸಂಬಳದಲ್ಲಿ ಮುರಿದುಕೊಳ್ಳಬೇಕು. ಕೈಗೆ ಬಂದ ನಗದು ಮಾತ್ರ ಸೊನ್ನೆ. ಮುಂದೆ ಬೆಲೆ 200 ರೂ.ಗೆ ಇಳಿದು ಅವನು ಮಾರಿದರೂ ಕಟ್ಟಿದ ತೆರಿಗೆ ಮರಳುವುದಿಲ್ಲ. ಆ ನಷ್ಟವನ್ನು ಬಂಡವಾಳ ಲಾಭದ ಎದುರು ವಜಾ ಮಾಡಬಹುದೇ ಹೊರತು ಸಂಬಳದ ಎದುರು ಅಲ್ಲ.

2020ರ ಬಜೆಟ್ ಸ್ಟಾರ್ಟ್‌ಅಪ್ ನೌಕರರಿಗೆ ತೆರಿಗೆ ಮುಂದೂಡುವ ಸೌಲಭ್ಯ ಕೊಟ್ಟಿತು. ಷೇರು ಮಾರಿದರೆ ಅಥವಾ ಕೆಲಸ ಬಿಟ್ಟರೆ ಅದು ಅಲ್ಲಿಗೇ ಮುಗಿಯುತ್ತದೆ. ಅಂತರ್‌ಸಚಿವಾಲಯ ಮಂಡಳಿಯ ಪ್ರಮಾಣಪತ್ರ ಪಡೆದ ಸ್ಟಾರ್ಟ್‌ಅಪ್‌ಗಳಿಗಷ್ಟೇ ಇದು ಅನ್ವಯ.

ಕಂಪೆನಿಗಳ ಕಾಯಿದೆ, 2013ರ ವಿಧಿಗಳು ಕಠಿಣವಲ್ಲ. ವಾರ್ಷಿಕ ವಿವರಗಳನ್ನು ಸಕಾಲಕ್ಕೆ ಸಲ್ಲಿಸಿದ ಪ್ರೈವೇಟ್ ಕಂಪೆನಿಗೆ ಸಾಮಾನ್ಯ ಗೊತ್ತುವಳಿ ಸಾಕು. ಹಕ್ಕು ನೀಡಿದ ದಿನದಿಂದ ಅದು ಚಲಾವಣೆಗೆ ಬರಲು ಕನಿಷ್ಠ ಒಂದು ವರ್ಷ ಬೇಕು. ಪ್ರವರ್ತಕರಿಗೂ ಶೇಕಡಾ 10ಕ್ಕಿಂತ ಹೆಚ್ಚು ಷೇರುಳ್ಳ ನಿರ್ದೇಶಕರಿಗೂ ಇದು ಸಲ್ಲದು. ಮಾನ್ಯತೆ ಪಡೆದ ಸ್ಟಾರ್ಟ್‌ಅಪ್‌ಗಳಿಗೆ ಮೊದಲ ಹತ್ತು ವರ್ಷ ಇದರಲ್ಲಿ ವಿನಾಯಿತಿಯಿದೆ. ರಿಯಾಯಿತಿಯ ಮೊತ್ತವನ್ನು ವ್ಯಾಪಾರ ವೆಚ್ಚವೆಂದು ಕಳೆಯಬಹುದೆಂದು ಬಯೋಕಾನ್ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ 2020ರಲ್ಲಿ ಹೇಳಿರುವುದು ಕಂಪೆನಿಗಳಿಗೆ ಅನುಕೂಲವೇ.

ಕಠಿಣವಾದುದು ಮರುಖರೀದಿ. ಕಂಪೆನಿಯೇ ಷೇರು ಮರಳಿ ಕೊಳ್ಳಬೇಕಾದರೆ ಪಾವತಿಯಾದ ಬಂಡವಾಳ ಮತ್ತು ಮುಕ್ತ ಮೀಸಲು ನಿಧಿಗಳ ಶೇಕಡಾ 25ರ ಮಿತಿಯಿದೆ. ಎರಡು ಮರುಖರೀದಿಗಳ ನಡುವೆ ಒಂದು ವರ್ಷದ ಅಂತರ ಬೇಕು. ಹತ್ತು ಮಂದಿ ಒಂದೇ ವರ್ಷ ನಿವೃತ್ತರಾದರೆ ಹಣವೆಲ್ಲಿಂದ ಎಂಬುದನ್ನು ಯೋಜನೆ ರೂಪಿಸುವಾಗಲೇ ಲೆಕ್ಕಹಾಕಬೇಕು. ಷೇರುಪೇಟೆಗೆ ಬರುವ ಉದ್ದೇಶವೇ ಇಲ್ಲದ ಕಂಪೆನಿಗೆ, ನನ್ನ ಅಭಿಪ್ರಾಯದಲ್ಲಿ, ಮೌಲ್ಯ ಏರಿದಷ್ಟು ಹಣವನ್ನು ನಗದಾಗಿ ಕೊಡುವ ಕರಾರು ಉತ್ತಮ. ಅದರಲ್ಲಿ ಒಡೆತನ ಬರುವುದಿಲ್ಲ ನಿಜ. ಆದರೆ ತೆರಿಗೆ ಬರುವುದು ಹಣ ಬಂದಾಗಲೇ.

ಷೇರನ್ನೇ ಕೊಡುವುದಾದರೆ ನೌಕರನಿಗೆ ನೀಡುವ ಪತ್ರದಲ್ಲಿ ಯಾರು, ಯಾವಾಗ, ಯಾವ ಬೆಲೆಗೆ ಮರಳಿ ಕೊಳ್ಳುತ್ತಾರೆ ಎಂಬುದಿರಬೇಕು. ಕೆಲಸ ಬಿಟ್ಟವನಿಗೆ ಹಕ್ಕು ಚಲಾಯಿಸಲು ಎಷ್ಟು ದಿನ ಎಂಬುದೂ. ಮೇಲಿನಂಥ ತೆರಿಗೆಯ ಲೆಕ್ಕವನ್ನೂ ಲಗತ್ತಿಸಿ. ಕಾರ್ಖಾನೆಯ ಸೂಪರ್‌ವೈಸರುಗಳಿಗೂ ಷೇರು ಕೊಡುವಲ್ಲಿ ಆ ಪತ್ರ ಕನ್ನಡದಲ್ಲಿಯೂ ಇರಲಿ.