ಕಾರ್ಖಾನೆಯ ವಿಷ, ಹೊಲದ ಡಬ್ಬಿ



ಹಿಂದೆ ಕೀಟನಾಶಕ ಕಾರ್ಖಾನೆಗಳು ಉಳಿದ ವಿಷವನ್ನು ತಮ್ಮ ಆವರಣದಲ್ಲೇ ಹೂಳುತ್ತಿದ್ದವು, ಹೊಂಡಗಳಿಗೆ ಬಿಡುತ್ತಿದ್ದವು. 1984ರಲ್ಲಿ ಅನಿಲ ಸೋರಿದ ಭೋಪಾಲದ ಕಾರ್ಖಾನೆಯಲ್ಲಿ ಉಳಿದಿದ್ದ 337 ಟನ್ ತ್ಯಾಜ್ಯವನ್ನು ಪೀತಂಪುರಕ್ಕೆ ಸಾಗಿಸಿ ಸುಟ್ಟದ್ದು 2025ರಲ್ಲಿ! ಅಷ್ಟರಲ್ಲಿ ಸುತ್ತಲಿನ ಅಂತರ್ಜಲ ಕೆಟ್ಟುಹೋಗಿತ್ತು.

1989ರ ನಿಯಮಗಳು ಇಂಥ ತ್ಯಾಜ್ಯದ ಹೊಣೆಯನ್ನು ಕಾರ್ಖಾನೆಯವರ ಮೇಲೇ ಹೊರಿಸಿದವು. ಕುಲುಮೆಯಲ್ಲಿ ಸುಡುವುದು, ತಳಕ್ಕೆ ಹಾಳೆ ಹಾಸಿದ ಗುಂಡಿಯಲ್ಲಿ ತುಂಬುವುದು, ದ್ರಾವಕವನ್ನು ಶುದ್ಧಿಮಾಡಿ ಮತ್ತೆ ಬಳಸುವುದು ರೂಢಿಗೆ ಬಂದವು. ಸುಟ್ಟರೂ ಬೂದಿ ಉಳಿಯುತ್ತದೆ. ತ್ಯಾಜ್ಯವೇ ಕಡಿಮೆ ಹುಟ್ಟುವಂತೆ ಮಾಡುವುದು ಮೇಲೆಂದು ನಮ್ಮ ಎಣಿಕೆ.

ಬೆಳುಗುಪ್ಪದ ಕಡಲೆಕಾಯಿ ಹೊಲದ ಬದುವಿನಲ್ಲಿ ಬಿದ್ದ ಔಷಧಿ ಡಬ್ಬಿಯೂ ಅದೇ ಜಾತಿಯದು. ಮೂರು ಸಲ ತೊಳೆದು, ಆ ನೀರನ್ನು ಸಿಂಪಡಿಸುವ ಟ್ಯಾಂಕಿಗೇ ಸುರಿಯಿರಿ. ಆಮೇಲೆ ಡಬ್ಬಿಯನ್ನು ಒಡೆದು ಜನವಸತಿಯಿಂದ ದೂರ ಹೂಳಬೇಕೆನ್ನುತ್ತವೆ 1971ರ ಕೀಟನಾಶಕ ನಿಯಮಗಳು. ಬಾವಿ, ಕೆರೆಗಳಿಂದಲೂ ದೂರವಿರಲಿ. ಅದರಲ್ಲಿ ಕುಡಿಯುವ ನೀರನ್ನಾಗಲಿ ಅಡುಗೆ ಎಣ್ಣೆಯನ್ನಾಗಲಿ ತುಂಬಲೇಬೇಡಿ.