ಸಾಲಿನ ಮುಂದಣ ತೆರಪು

ಗಣಕಯಂತ್ರಗಳು ತಮ್ಮತಮ್ಮೊಳಗೆ ಮಾಹಿತಿ ಹಂಚಿಕೊಳ್ಳಲು ಬಳಸುವ ಬರವಣಿಗೆಯ ಕ್ರಮಗಳಲ್ಲಿ ಜೇಸನ್ ಎಂಬುದೊಂದು. ಇದರಲ್ಲಿ ಆವರಣದೊಳಗೆ ಆವರಣ ಬಂದಂತೆಲ್ಲ ಸಾಲನ್ನು ಬಲಕ್ಕೆ ಸರಿಸಿ ಬರೆಯುವುದು ವಾಡಿಕೆ. ಕೆಲವರು ಪ್ರತಿ ಹಂತಕ್ಕೂ ಎರಡು ಸ್ಪೇಸ್ ಬಿಡುವರು, ಕೆಲವರು ನಾಲ್ಕು. ಇನ್ನು ಕೆಲವರು ಟ್ಯಾಬ್ ಒತ್ತುವರು. ಯಂತ್ರಕ್ಕೆ ಎಲ್ಲವೂ ಒಂದೇ. ಈ ತೆರಪು ಓದುವ ಮನುಷ್ಯನ ಅನುಕೂಲಕ್ಕಾಗಿ ಮಾತ್ರ.

ಹಾಗಾದರೆ ಅದನ್ನು ಗುರುತಿಸುವುದೇಕೆ? ಒಂದು ಪ್ರೋಗ್ರಾಂ ಕಡತದ ಒಂದೇ ಅಂಕಿಯನ್ನು ತಿದ್ದಿ, ಇಡೀ ಕಡತವನ್ನು ತನ್ನದೇ ತೆರಪಿನಲ್ಲಿ ಮರಳಿ ಬರೆಯಿತೆನ್ನೋಣ. ಹಳೆಯದನ್ನೂ ಹೊಸದನ್ನೂ ಹೋಲಿಸಿದಾಗ ಸಾಲುಸಾಲೂ ಬದಲಾದಂತೆ ತೋರುವುದು; ನಿಜವಾದ ತಿದ್ದುಪಡಿ, ಅದು ತಪ್ಪಾಗಿದ್ದರೂ, ಆ ರಾಶಿಯಲ್ಲಿ ಅಡಗಿಹೋಗುವುದು.

ಗುರುತಿಸುವ ಬಗೆ ಹೀಗೆ. ಸರಿದ ಸಾಲಿನ ಮೊದಲ ಸಂಕೇತ 9 ಆದರೆ ಅದು ಟ್ಯಾಬ್, 32 ಆದರೆ ಸ್ಪೇಸ್. ಸ್ಪೇಸ್‌ಗಳನ್ನು ಎಣಿಸಬೇಕು. ಏಳು ಸಾಲುಗಳ ಮುಂದೆ ಕ್ರಮವಾಗಿ 0, 2, 4, 7, 4, 2, 0 ಸ್ಪೇಸ್‌ಗಳಿವೆ ಎನ್ನೋಣ. ಇವುಗಳ ಮ.ಸಾ.ಅ. ತೆಗೆದರೆ 1 ಬರುವುದು. 6 ಇರಬೇಕಾದಲ್ಲಿ ಕೈತಪ್ಪಿ ಬಿದ್ದ ಒಂದು ಸ್ಪೇಸ್ ಲೆಕ್ಕವನ್ನೆಲ್ಲ ಕೆಡಿಸಿತು. ಬದಲಾಗಿ ಒಂದರ ಮುಂದೊಂದು ಬರುವ ಸಾಲುಗಳ ವ್ಯತ್ಯಾಸ ನೋಡೋಣ: 2, 2, 3, 3, 2, 2. ಎರಡಕ್ಕೆ ನಾಲ್ಕು ಮತ, ಮೂರಕ್ಕೆ ಎರಡು. ಆದುದರಿಂದ ಬರೆದವರ ವಾಡಿಕೆ ಎರಡು ಸ್ಪೇಸ್. ವ್ಯತ್ಯಾಸ ಸೊನ್ನೆಯಾದಲ್ಲಿ ಸಾಲು ಸರಿದೇ ಇಲ್ಲ, ಅದಕ್ಕೆ ಮತವಿಲ್ಲ.

ಅತಿ ಹೆಚ್ಚು ಬಾರಿ ಬರುವ ಇಂಥ ಬೆಲೆಯನ್ನು ಸಂಖ್ಯಾಶಾಸ್ತ್ರದಲ್ಲಿ ರೂಢಿಬೆಲೆ ಎನ್ನುವರು. ಕಡತದ ರೂಢಿಯನ್ನು ಅರಿಯಲು ನಮಗೆ ಬೇಕಾದುದೂ ಅದೇ. ಅದನ್ನರಿತು ಅದೇ ತೆರಪಿನಲ್ಲಿ ಮರಳಿ ಬರೆದರೆ, ತಿದ್ದಿದ ಸಾಲೊಂದೇ ಕಣ್ಣಿಗೆ ಬೀಳುವುದು.