ಫೋಲ್ಡರುಗಳ ಜಾಗ ಬದಲಾದಾಗ: ವರ್ಡ್‌ಪ್ರೆಸ್ ಸುರಕ್ಷಾ ಪ್ಲಗಿನ್‌ಗಳ ಜೋಡಣೆ

ವರ್ಡ್‌ಪ್ರೆಸ್ ತಂತ್ರಾಂಶವನ್ನು ಸರ್ವರಿಗೆ ಏರಿಸಿದ ಕೂಡಲೇ ಮೂರು ಫೋಲ್ಡರುಗಳು ಕಾಣಸಿಗುತ್ತವೆ. ಡಬ್ಲ್ಯೂಪಿ-ಅಡ್ಮಿನ್ ಮತ್ತು ಡಬ್ಲ್ಯೂಪಿ-ಇನ್‌ಕ್ಲೂಡ್ಸ್ ಎಂಬ ಎರಡು ತಂತ್ರಾಂಶದ ಸ್ವಂತ ಆಸ್ತಿ. ಹೊಸ ಆವೃತ್ತಿ ಹಾಕಿದಾಗಲೆಲ್ಲ ಅವುಗಳೊಳಗಿನ ಫೈಲುಗಳು ಬದಲಾಗುತ್ತವೆ. ಮೂರನೆಯದಾದ ಡಬ್ಲ್ಯೂಪಿ-ಕಂಟೆಂಟ್ ತಾಣದ ಒಡೆಯರಿಗೆ ಸೇರಿದ್ದು. ಪ್ಲಗಿನ್, ಥೀಮ್, ಅಪ್‌ಲೋಡ್ ಆದ ಚಿತ್ರಗಳೆಲ್ಲ ಇರುವುದು ಅಲ್ಲೇ. ಇವುಗಳ ಪಕ್ಕದಲ್ಲಿ ಡೇಟಾಬೇಸಿನ ಪಾಸ್‌ವರ್ಡ್ ಹೊತ್ತ ಡಬ್ಲ್ಯೂಪಿ-ಕಾನ್ಫಿಗ್, ಲಾಗಿನ್ ಪುಟದ ಡಬ್ಲ್ಯೂಪಿ-ಲಾಗಿನ್, ಹೊರಗಿನ ಆ್ಯಪ್‌ಗಳು ಬಳಸುವ ಎಕ್ಸ್‌ಎಂಎಲ್‌ಆರ್‌ಪಿಸಿ ಮುಂತಾದ ಬಿಡಿ ಫೈಲುಗಳಿರುತ್ತವೆ. ಯಾರೂ ಬದಲಿಸದಿದ್ದರೆ ಲಕ್ಷಾಂತರ ತಾಣಗಳಲ್ಲಿ ಈ ಏರ್ಪಾಡು ಒಂದೇ ತೆರ. ಒಂದು ತಾಣದಲ್ಲಿ ಯಾವ ಫೈಲು ಎಲ್ಲಿದೆ ಎಂದು ತಿಳಿದವರಿಗೆ ಎಲ್ಲ ತಾಣಗಳದ್ದೂ ತಿಳಿದಂತೆ.

ದಾಳಿ ನಡೆಸುವ ಬಾಟ್‌ಗಳು ಈ ಏಕರೂಪವನ್ನೇ ನೆಚ್ಚಿಕೊಂಡಿವೆ. 2020ರ ಸೆಪ್ಟೆಂಬರಿನಲ್ಲಿ ಫೈಲ್ ಮ್ಯಾನೇಜರ್ ಎಂಬ ಪ್ಲಗಿನ್‌ನಲ್ಲಿ ಲೋಪ ಪತ್ತೆಯಾಯಿತು. ಆಗ ಅದು 7 ಲಕ್ಷಕ್ಕೂ ಹೆಚ್ಚು ತಾಣಗಳಲ್ಲಿ ಬಳಕೆಯಲ್ಲಿತ್ತು. ಆ ಪ್ಲಗಿನ್‌ನ ಒಳಗಿದ್ದ ಒಂದು ಪಿಎಚ್‌ಪಿ ಫೈಲನ್ನು ಲಾಗಿನ್ ಇಲ್ಲದೆಯೇ ಯಾರು ಬೇಕಾದರೂ ಕರೆಯಬಹುದಾಗಿತ್ತು. ಕರೆದವರು ತಮ್ಮ ಫೈಲನ್ನು ಸರ್ವರಿನಲ್ಲಿ ಇಟ್ಟುಹೋಗಬಹುದಾಗಿತ್ತು. ಬಾಟ್‌ಗಳು ತಾಣದಿಂದ ತಾಣಕ್ಕೆ ಹೋಗಿ ಕಂಟೆಂಟ್ ಫೋಲ್ಡರಿನಡಿಯ ಆ ಒಂದೇ ವಿಳಾಸವನ್ನು ಬಡಿದು ನೋಡಿದವು. ಫೋಲ್ಡರಿಗೆ ಬೇರೆ ಹೆಸರಿಟ್ಟಿದ್ದ ತಾಣಗಳಲ್ಲಿ ಅಂಥ ಬಾಟ್‌ಗೆ ಸಿಗುತ್ತಿದ್ದುದು 404 ಪುಟ ಮಾತ್ರ. 2017ರ ಆರಂಭದಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. ವರ್ಡ್‌ಪ್ರೆಸ್ 4.7 ಮತ್ತು 4.7.1ರ ರೆಸ್ಟ್ ಎಪಿಐ ಲೋಪವನ್ನು ಬಳಸಿ ಲಕ್ಷಾಂತರ ಪುಟಗಳನ್ನು ವಿರೂಪಗೊಳಿಸಲಾಯಿತು. ಎಪಿಐನ ವಿಳಾಸಕ್ಕೂ ಡಿಸ್ಕಿನ ಮೇಲಿನ ಫೋಲ್ಡರಿಗೂ ಸಂಬಂಧವೇ ಇಲ್ಲದ್ದರಿಂದ, ಫೋಲ್ಡರ್ ಎಲ್ಲಿದ್ದರೂ ಅಲ್ಲಿ ಪ್ರಯೋಜನವಾಗುತ್ತಿರಲಿಲ್ಲ. ಅಲ್ಲಿ 4.7.2ಕ್ಕೆ ಏರುವುದೇ ಸರಿಯಾದ ಪರಿಹಾರವಾಗಿತ್ತು.

ಹೀಗಾಗಿ ಮರೆಮಾಚಲೆಂದೇ ಹೆಸರು ಬದಲಿಸುವುದಕ್ಕೆ ಹೆಚ್ಚಿನ ಬೆಲೆ ಕೊಡಬೇಕಿಲ್ಲ. ಯಾವುದೇ ಪುಟದ ಸೋರ್ಸ್ ತೆರೆದರೆ ಚಿತ್ರಗಳ ವಿಳಾಸದಲ್ಲಿ ಹೊಸ ಹೆಸರು ಕಾಣುತ್ತದೆ. ಆ ಹೆಸರನ್ನು ರೋಬಾಟ್ಸ್ ಫೈಲಿನಲ್ಲಿ ಬರೆದು ಸರ್ಚ್ ಎಂಜಿನ್‌ಗಳಿಗೆ ‘ಇಲ್ಲಿಗೆ ಬರಬೇಡಿ’ ಎನ್ನುವವರೂ ಇದ್ದಾರೆ; ಆ ಫೈಲನ್ನು ಯಾರು ಬೇಕಾದರೂ ಓದಬಹುದೆಂಬುದು ಅವರಿಗೆ ಹೊಳೆದಿರುವುದಿಲ್ಲ. ಜಾಗ ಬದಲಿಸುವುದರ ನಿಜವಾದ ಲಾಭ ಬೇರೆ ಎರಡು. ಬ್ರೌಸರಿಗೆ ಸಿಗಬಾರದ ಫೈಲುಗಳನ್ನು ಡಾಕ್ಯುಮೆಂಟ್ ರೂಟ್‌ನಿಂದ, ಅಂದರೆ ವೆಬ್ ಸರ್ವರ್ ಹೊರಜಗತ್ತಿಗೆ ತೆರೆದಿಡುವ ಫೋಲ್ಡರಿನಿಂದ, ಹೊರಗಿಡಬಹುದು. ತಂತ್ರಾಂಶದ ಕೋಡನ್ನೂ ತಾಣದ ಸ್ವಂತ ಕೋಡನ್ನೂ ಬೇರ್ಪಡಿಸಿ ನಿರ್ವಹಿಸಬಹುದು. ರೂಟ್ಸ್ ತಂಡದ ಬೆಡ್‌ರಾಕ್ ಎಂಬ ಸಿದ್ಧ ವರ್ಡ್‌ಪ್ರೆಸ್ ಚೌಕಟ್ಟು ಈ ಎರಡಕ್ಕೂ ಒಳ್ಳೆಯ ಮಾದರಿ. ಅದರಲ್ಲಿ ‘ವೆಬ್’ ಎಂಬ ಫೋಲ್ಡರ್ ಡಾಕ್ಯುಮೆಂಟ್ ರೂಟ್. ಅದರೊಳಗೆ ತಂತ್ರಾಂಶಕ್ಕೆ ‘ಡಬ್ಲ್ಯೂಪಿ’, ಕಂಟೆಂಟಿಗೆ ‘ಆ್ಯಪ್’ ಎಂಬ ಎರಡು ಫೋಲ್ಡರುಗಳು. ನಿಜವಾದ ಸೆಟ್ಟಿಂಗ್‌ಗಳು ಮತ್ತು ಪಾಸ್‌ವರ್ಡ್‌ಗಳು ವೆಬ್ ಫೋಲ್ಡರಿನಿಂದ ಹೊರಗೆ.

ಜಾಗ ಬದಲಿಸುವ ವಿಧಾನ

ಕಂಟೆಂಟ್ ಫೋಲ್ಡರನ್ನು ಬೇರೆಡೆ ಇಡುವ ಅವಕಾಶ 2008ರ 2.6ನೇ ಆವೃತ್ತಿಯಿಂದ ಇದೆ. ಕಾನ್ಫಿಗ್ ಫೈಲಿನಲ್ಲಿ ಎರಡು ಕಾನ್‌ಸ್ಟಂಟ್‌ಗಳನ್ನು ಬರೆಯಬೇಕು: ಒಂದು ಡಿಸ್ಕಿನ ಮೇಲಿನ ಪೂರ್ಣ ದಾರಿ, ಇನ್ನೊಂದು ಅದೇ ಫೋಲ್ಡರಿನ ಯುಆರ್‌ಎಲ್. ಎರಡರ ಕೊನೆಯಲ್ಲೂ ಓರೆಗೆರೆ ಇರಬಾರದು. ಪ್ಲಗಿನ್ ಫೋಲ್ಡರಿಗೂ ಇಂಥದೇ ಒಂದು ಜೋಡಿ ಇದೆ. ಅಪ್‌ಲೋಡ್ಸ್ ಫೋಲ್ಡರಿನ ಕಾನ್‌ಸ್ಟಂಟ್ ಮಾತ್ರ ಬೇರೆ ಜಾತಿಯದು. ಅದಕ್ಕೆ ಪೂರ್ಣ ದಾರಿಯ ಬದಲು ತಂತ್ರಾಂಶದ ಫೋಲ್ಡರಿನಿಂದ ಲೆಕ್ಕ ಹಾಕಿದ ದಾರಿ ಕೊಡಬೇಕು, ಮೊದಲಲ್ಲಿ ಓರೆಗೆರೆ ಹಾಕಬಾರದು. ಥೀಮ್ ಫೋಲ್ಡರಿಗೆ ಇಂಥ ಕಾನ್‌ಸ್ಟಂಟ್ ಇಲ್ಲವೇ ಇಲ್ಲ.

ಕಾನ್ಫಿಗ್ ಫೈಲಿನ ವಿಷಯದಲ್ಲಿ ಎಡವುವವರು ಬಹಳ. ತಂತ್ರಾಂಶವು ಆ ಫೈಲನ್ನು ಮೊದಲು ತನ್ನ ಫೋಲ್ಡರಿನಲ್ಲಿ, ಅಲ್ಲಿ ಸಿಗದಿದ್ದರೆ ಒಂದೇ ಒಂದು ಮೆಟ್ಟಿಲು ಮೇಲೆ ಹುಡುಕುತ್ತದೆ. ಅದಕ್ಕಿಂತ ಮೇಲೆ ಹೋಗುವುದಿಲ್ಲ. ವರ್ಡ್‌ಪ್ರೆಸ್ ನೇರವಾಗಿ ಡಾಕ್ಯುಮೆಂಟ್ ರೂಟ್‌ನಲ್ಲಿದ್ದರೆ ಒಂದು ಮೆಟ್ಟಿಲು ಮೇಲೆಂದರೆ ಸುರಕ್ಷಿತ ಜಾಗವೇ. ಆದರೆ ತಂತ್ರಾಂಶವನ್ನು ಆಗಲೇ ಉಪಫೋಲ್ಡರಿಗೆ ಸರಿಸಿದ್ದರೆ ಒಂದು ಮೆಟ್ಟಿಲು ಮೇಲಿರುವುದು ಡಾಕ್ಯುಮೆಂಟ್ ರೂಟ್. ಫೈಲು ಸರಿದಿದ್ದರೂ ಬೀದಿಯಲ್ಲೇ ಉಳಿಯಿತು. ಅಂಥಲ್ಲಿ ರೂಟ್‌ನಲ್ಲಿ ಎರಡು ಸಾಲಿನ ಒಂದು ಪೊಳ್ಳು ಕಾನ್ಫಿಗ್ ಇಟ್ಟು, ಅದು ಹೊರಗಿರುವ ನಿಜವಾದ ಫೈಲನ್ನು ಕರೆಯುವಂತೆ ಮಾಡುವುದೇ ದಾರಿ. ಬೆಡ್‌ರಾಕ್ ಮಾಡುವುದೂ ಇದನ್ನೇ. ಇನ್ನೊಂದು ಮಾತು: ಕಾನ್ಫಿಗ್ ಫೈಲಿಗೆ ತಾವೇ ಸಾಲುಗಳನ್ನು ಸೇರಿಸುವ ಪ್ಲಗಿನ್‌ಗಳು ಈ ಪೊಳ್ಳು ಫೈಲಿಗೆ ಬರೆದುಬಿಡುತ್ತವೆ, ಇಲ್ಲವೇ ಫೈಲೇ ಸಿಗಲಿಲ್ಲ ಎನ್ನುತ್ತವೆ. ಅಂಥ ಸಾಲುಗಳನ್ನು ಕೈಯಿಂದಲೇ ಹಾಕುವುದು ಲೇಸು.

ಹಸಿರು ಗುರುತಿನ ಅರ್ಥ

ಪ್ಲಗಿನ್ ತಾನು ಎಲ್ಲಿದ್ದೇನೆ, ಅಪ್‌ಲೋಡ್‌ಗಳು ಎಲ್ಲಿವೆ ಎಂದು ತಿಳಿಯಲು ವರ್ಡ್‌ಪ್ರೆಸ್ಸನ್ನು ಕೇಳಬೇಕು. ಅದಕ್ಕೆಂದೇ ಸಿದ್ಧ ಫಂಕ್ಷನ್‌ಗಳಿವೆ. ಕೇಳುವ ಬದಲು ಡಬ್ಲ್ಯೂಪಿ-ಕಂಟೆಂಟ್ ಎಂಬ ಹೆಸರನ್ನು ಕೋಡಿನಲ್ಲೇ ಬರೆದಿಟ್ಟ ಪ್ಲಗಿನ್‌ಗಳಿಗೂ ಕೊರತೆಯಿಲ್ಲ. ಸಾಮಾನ್ಯ ಪ್ಲಗಿನ್ ಹೀಗೆ ಬರೆದಿದ್ದರೆ ಚಿತ್ರ ಕಾಣುವುದಿಲ್ಲ, ಪುಟ ಮುರಿದುಬೀಳುತ್ತದೆ, ದೋಷ ಅಂದೇ ಗೊತ್ತಾಗುತ್ತದೆ. ಸುರಕ್ಷಾ ಪ್ಲಗಿನ್‌ನಲ್ಲಿ ಹಾಗಲ್ಲ. ಇಲ್ಲದ ಫೋಲ್ಡರಿಗೆ ಬರೆದ ನಿಷೇಧದಿಂದ ಯಾರಿಗೂ ತೊಂದರೆಯಾಗುವುದಿಲ್ಲ, ಆದ್ದರಿಂದ ಯಾರೂ ದೂರುವುದಿಲ್ಲ. ಡ್ಯಾಶ್‌ಬೋರ್ಡಿನ ಹಸಿರು ಗುರುತು ಹೇಳುವುದು ನಿಯಮ ಬರೆಯಲಾಗಿದೆ ಎಂದಷ್ಟೇ. ಅದು ಸರಿಯಾದ ಜಾಗಕ್ಕೆ ತಗುಲಿದೆಯೇ ಎಂಬುದನ್ನು ಬೇರೆಯಾಗಿ ನೋಡಬೇಕು.

ಫೈರ್‌ವಾಲ್ ಇದಕ್ಕೆ ಸ್ಪಷ್ಟ ನಿದರ್ಶನ. ವರ್ಡ್‌ಫೆನ್ಸ್ ಎಂಬ ಸುರಕ್ಷಾ ಪ್ಲಗಿನ್ ಹುಟ್ಟಿದ ಕಥೆಯೇ ಫೋಲ್ಡರಿಗೆ ಸಂಬಂಧಿಸಿದ್ದು: 2011ರಲ್ಲಿ ಅನೇಕ ಥೀಮ್‌ಗಳೊಳಗೆ ಅಡಗಿದ್ದ ಟಿಮ್‌ಥಂಬ್ ಎಂಬ ಚಿತ್ರ ಕಿರಿದಾಗಿಸುವ ಸ್ಕ್ರಿಪ್ಟಿನ ಮೂಲಕ, ಅದರ ಕ್ಯಾಶ್ ಫೋಲ್ಡರಿಗೆ ಪಿಎಚ್‌ಪಿ ಫೈಲು ನುಗ್ಗಿಸಬಹುದೆಂದು ಕಂಡುಹಿಡಿದ ಮಾರ್ಕ್ ಮಾಂಡರ್ ಅವರೇ ಮುಂದೆ ಇದನ್ನು ಕಟ್ಟಿದರು. ಇದರ ಫೈರ್‌ವಾಲ್ ಎರಡು ಬಗೆಯಲ್ಲಿ ಓಡುತ್ತದೆ. ಸಾಮಾನ್ಯ ಬಗೆಯಲ್ಲಿ ಬೇರೆ ಪ್ಲಗಿನ್‌ಗಳಂತೆ ವರ್ಡ್‌ಪ್ರೆಸ್ ಎದ್ದ ಮೇಲೆ ಅದೂ ಏಳುತ್ತದೆ. ವಿಸ್ತೃತ ಬಗೆಯಲ್ಲಿ ಪಿಎಚ್‌ಪಿಯ ‘ಆಟೋ ಪ್ರಿಪೆಂಡ್ ಫೈಲ್’ ಸೆಟ್ಟಿಂಗ್ ಬಳಸಿ, ಯಾವುದೇ ಪಿಎಚ್‌ಪಿ ಫೈಲು ಓಡುವ ಮುನ್ನವೇ ಒಂದು ಪುಟ್ಟ ಫೈಲನ್ನು ಓಡಿಸುತ್ತದೆ. ವರ್ಡ್‌ಪ್ರೆಸ್ಸಿಗೆ ಬಾರದೆ ನೇರವಾಗಿ ಪ್ಲಗಿನ್ ಫೈಲನ್ನು ಕರೆಯುವ ದಾಳಿಗಳನ್ನು, ಫೈಲ್ ಮ್ಯಾನೇಜರ್ ಮೇಲೆ ನಡೆದಂಥದನ್ನು, ತಡೆಯಲು ಈ ಎರಡನೆಯ ಬಗೆಯೇ ಬೇಕು.

ಆ ಪುಟ್ಟ ಫೈಲಿನೊಳಗೆ ನಾಲ್ಕಾರು ಸಾಲುಗಳಿವೆ. ಕಂಟೆಂಟ್ ಫೋಲ್ಡರಿನೊಳಗೆ ವರ್ಡ್‌ಫೆನ್ಸ್‌ನ ಆರಂಭದ ಫೈಲು ಇದೆಯೇ ಎಂದು ಅದು ನೋಡುತ್ತದೆ. ಇದ್ದರೆ ಲಾಗ್ ಫೋಲ್ಡರಿನ ದಾರಿಯನ್ನು ನಿಗದಿ ಮಾಡಿ ಅದನ್ನು ಕರೆಯುತ್ತದೆ. ಇಲ್ಲದಿದ್ದರೆ ಏನೂ ಮಾಡದೆ ಸುಮ್ಮನೆ ಮುಗಿಯುತ್ತದೆ. ಪ್ಲಗಿನ್ ಹಾಕಿದ ಮೇಲೆ ಕಂಟೆಂಟ್ ಫೋಲ್ಡರಿನ ಹೆಸರು ಬದಲಿಸಿದರೆ ಆಗುವುದು ಇದೇ: ತಾಣ ಎಂದಿನಂತೆ ತೆರೆಯುತ್ತದೆ, ದೋಷದ ಸಂದೇಶ ಇಲ್ಲ, ವಿಸ್ತೃತ ರಕ್ಷಣೆಯೂ ಇಲ್ಲ. ಆ ಸಾಲುಗಳಲ್ಲಿನ ಎರಡೂ ದಾರಿಗಳನ್ನು ಹೊಸ ಹೆಸರಿಗೆ ತಿದ್ದಬೇಕು. ಲಾಗ್ ಫೋಲ್ಡರಿಗೆ ಬರೆಯುವ ಅನುಮತಿ ಪಿಎಚ್‌ಪಿಗೆ ಇರಬೇಕು. ಅನುಮತಿ ಕೊಡಲಾಗದ ಕಡೆ ಆ ಮಾಹಿತಿಯನ್ನು ಡೇಟಾಬೇಸಿಗೆ ಬರೆಸುವ ಆಯ್ಕೆ ಉಂಟು.

ಪುಟ್ಟ ಫೈಲೇ ಕಾಣೆಯಾದರೆ ಪರಿಣಾಮ ಉಲ್ಟಾ. ಮೊದಲು ಓಡಬೇಕಾದ ಫೈಲು ಸಿಗದೆ ಪಿಎಚ್‌ಪಿ ಪ್ರತಿ ಪುಟದಲ್ಲೂ ನಿಂತುಬಿಡುತ್ತದೆ, ಇಡೀ ತಾಣ ಮಲಗುತ್ತದೆ. ಬೆಡ್‌ರಾಕ್‌ನಂಥ ಏರ್ಪಾಡಿನಲ್ಲಿ ಈ ಫೈಲು ತಂತ್ರಾಂಶದ ಫೋಲ್ಡರಿನೊಳಗೆ ಕುಳಿತಿದ್ದರೆ, ಮುಂದಿನ ಅಪ್‌ಡೇಟಿನಲ್ಲಿ ಕಂಪೋಸರ್ ಎಂಬ ಪ್ಯಾಕೇಜ್ ನಿರ್ವಾಹಕ ಆ ಫೋಲ್ಡರನ್ನು ಹೊಸದಾಗಿ ತುಂಬುವಾಗ ಅದು ಅಳಿದುಹೋಗುತ್ತದೆ. ಆದ್ದರಿಂದ ಅದರ ಜಾಗ ಡಾಕ್ಯುಮೆಂಟ್ ರೂಟ್, ಇಲ್ಲವೇ ಅದಕ್ಕೂ ಹೊರಗೆ.

ಫೈಲನ್ನು ಕರೆಯುವ ಸಾಲು ಎಲ್ಲಿರುತ್ತದೆ ಎಂಬುದು ಸರ್ವರನ್ನು ಅವಲಂಬಿಸಿದೆ. ಅಪಾಚೆಯೊಳಗೇ ಪಿಎಚ್‌ಪಿ ಓಡುವಲ್ಲಿ ಎಚ್‌ಟಿಆಕ್ಸೆಸ್ ಫೈಲಿನಲ್ಲಿ. ಎಫ್‌ಪಿಎಂ, ಸಿಜಿಐ ಬಗೆಯಲ್ಲಿ ‘ಯೂಸರ್ ಐಎನ್‌ಐ’ ಫೈಲಿನಲ್ಲಿ. ಈ ಎರಡನೆಯದನ್ನು ಪಿಎಚ್‌ಪಿ ಹುಡುಕುವ ಕ್ರಮ ಗಮನಿಸಬೇಕಾದ್ದು: ಓಡುತ್ತಿರುವ ಫೈಲಿನ ಫೋಲ್ಡರಿನಿಂದ ಹೊರಟು ಮೇಲಕ್ಕೆ ಡಾಕ್ಯುಮೆಂಟ್ ರೂಟ್‌ವರೆಗೆ ನೋಡುತ್ತದೆ. ಐಎನ್‌ಐ ಫೈಲು ತಂತ್ರಾಂಶದ ಉಪಫೋಲ್ಡರಿನಲ್ಲಿದ್ದರೆ ಅಲ್ಲಿರುವ ಲಾಗಿನ್ ಮತ್ತು ಅಡ್ಮಿನ್ ಪುಟಗಳಿಗೆ ಮಾತ್ರ ಕಾವಲು ಸಿಗುತ್ತದೆ. ಓದುಗರು ಬರುವ ಮುಖ್ಯ ಪುಟಗಳು ರೂಟ್‌ನ ಇಂಡೆಕ್ಸ್ ಫೈಲಿನಿಂದ ಹೊರಡುವುದರಿಂದ ಅವು ಹೊರಗುಳಿಯುತ್ತವೆ. ಜೊತೆಗೆ, ಐಎನ್‌ಐ ಫೈಲನ್ನು ಪಿಎಚ್‌ಪಿ ಒಮ್ಮೆ ಓದಿ ವಾಡಿಕೆಯಂತೆ 300 ಸೆಕೆಂಡ್ ನೆನಪಿನಲ್ಲಿಟ್ಟುಕೊಳ್ಳುತ್ತದೆ. ತಿದ್ದಿದ ಕೂಡಲೇ ಫಲ ಕಾಣಲಿಲ್ಲವೆಂದು ಮತ್ತೆ ಮತ್ತೆ ತಿದ್ದಿ ಗೊಂದಲ ಮಾಡಿಕೊಳ್ಳುವವರು ಈ 5 ನಿಮಿಷ ಕಾಯಬೇಕಷ್ಟೆ.

ಅಪ್‌ಲೋಡ್ಸ್, ಲಾಗಿನ್, ಸ್ಕ್ಯಾನ್

ಅಪ್‌ಲೋಡ್ಸ್ ಫೋಲ್ಡರಿಗೆ ಪಿಎಚ್‌ಪಿ ಬರೆಯಬಹುದು, ಅದನ್ನು ಬ್ರೌಸರ್ ತೆರೆಯಬಹುದು. ಈ ಎರಡು ಗುಣ ಕೂಡಿದ ಜಾಗದಲ್ಲಿ ಪಿಎಚ್‌ಪಿ ಫೈಲು ಓಡಕೂಡದು. ಬಹುತೇಕ ಸುರಕ್ಷಾ ಪ್ಲಗಿನ್‌ಗಳು ಇದಕ್ಕೊಂದು ಆಯ್ಕೆ ಕೊಡುತ್ತವೆ. ಕೆಲವು ಅಪ್‌ಲೋಡ್ಸ್ ಒಳಗೇ ಎಚ್‌ಟಿಆಕ್ಸೆಸ್ ಫೈಲು ಇಡುತ್ತವೆ. ಜಾಗವನ್ನು ವರ್ಡ್‌ಪ್ರೆಸ್ಸಿನಿಂದ ಕೇಳಿ ಇಟ್ಟರೆ ಅದು ಸರಿಯಾಗಿಯೇ ಕೂರುತ್ತದೆ. ಬೇರೆ ಕೆಲವು ರೂಟ್‌ನ ಎಚ್‌ಟಿಆಕ್ಸೆಸ್‌ಗೆ ಹಳೆಯ ದಾರಿಯ ಹೆಸರಿನ ಸಾಲು ಸೇರಿಸುತ್ತವೆ. ಫೋಲ್ಡರ್ ಬದಲಾದ ತಾಣದಲ್ಲಿ ಆ ಸಾಲು ಯಾವುದಕ್ಕೂ ತಗುಲುವುದಿಲ್ಲ. ಎಂಜಿನ್‌ಎಕ್ಸ್ ಸರ್ವರಂತೂ ಎಚ್‌ಟಿಆಕ್ಸೆಸ್ ಫೈಲನ್ನು ಓದುವುದೇ ಇಲ್ಲ. ಅಲ್ಲಿ ಸರ್ವರಿನ ಸೆಟ್ಟಿಂಗಿನಲ್ಲೇ ಹೊಸ ದಾರಿಗೆ ನಿಷೇಧ ಬರೆಯಬೇಕು. ರೆಗೆಕ್ಸ್ ನಿಯಮಗಳಲ್ಲಿ ಮೊದಲು ಹೊಂದಿದ್ದೇ ಗೆಲ್ಲುವುದರಿಂದ, ಪಿಎಚ್‌ಪಿ ಓಡಿಸುವ ನಿಯಮಕ್ಕಿಂತ ಮೇಲೆಯೇ ಅದನ್ನು ಬರೆಯಬೇಕು. ಇಷ್ಟಾದರೂ ಇದು ಅಪ್‌ಲೋಡ್ಸ್‌ಗೆ ಮಾತ್ರ ಕಾವಲು: 2020ರ ದಾಳಿಯಲ್ಲಿ ಕೆಟ್ಟ ಫೈಲುಗಳು ಬಂದು ಕುಳಿತದ್ದು ಪ್ಲಗಿನ್‌ನದೇ ಫೋಲ್ಡರಿನಲ್ಲಿ.

ಸುಕುರಿ ಎಂಬ ಸುರಕ್ಷಾ ಪ್ಲಗಿನ್ ತನ್ನ ದಾಖಲೆಗಳನ್ನು ಅಪ್‌ಲೋಡ್ಸ್ ಒಳಗಿನ ಉಪಫೋಲ್ಡರಿನಲ್ಲಿ ಇಡುತ್ತದೆ. ಅದನ್ನು ಡಾಕ್ಯುಮೆಂಟ್ ರೂಟ್‌ನ ಹೊರಗೆ ಕಳಿಸಲು ಕಾನ್ಫಿಗ್‌ನಲ್ಲಿ ಒಂದು ಸಾಲು ಸಾಕು.

ತಂತ್ರಾಂಶ ಉಪಫೋಲ್ಡರಿಗೆ ಹೋದರೆ ಲಾಗಿನ್ ಪುಟದ ವಿಳಾಸವೂ ಉದ್ದವಾಗುತ್ತದೆ. ಅದನ್ನು ಅಡಗಿಸಿಟ್ಟಂತಾಯಿತು ಎಂದುಕೊಳ್ಳುವಂತಿಲ್ಲ. ತಾಣದ ಹೆಸರಿನ ಮುಂದೆ ‘ಲಾಗಿನ್’ ಎಂದೋ ‘ಅಡ್ಮಿನ್’ ಎಂದೋ ಹೊಡೆದರೆ ವರ್ಡ್‌ಪ್ರೆಸ್ ತಾನಾಗಿ ನಿಜವಾದ ವಿಳಾಸಕ್ಕೆ ಕರೆದೊಯ್ಯುತ್ತದೆ. ಎಕ್ಸ್‌ಎಂಎಲ್‌ಆರ್‌ಪಿಸಿಯ ವಿಳಾಸವಂತೂ ವಾಡಿಕೆಯಂತೆ ಪ್ರತಿ ಪುಟದ ತಲೆಭಾಗದಲ್ಲೇ ಅಚ್ಚಾಗಿರುತ್ತದೆ. ಆದ್ದರಿಂದ ತಪ್ಪು ಪಾಸ್‌ವರ್ಡ್ ಪ್ರಯತ್ನಗಳಿಗೆ ಮಿತಿ, ಎರಡು ಹಂತದ ದೃಢೀಕರಣ ಇವೆರಡೂ ಮೊದಲಿನಷ್ಟೇ ಅಗತ್ಯ. ಸರ್ವರ್ ಲಾಗ್ ಓದಿ ಐಪಿ ತಡೆಯುವ ಫೇಲ್‌ಟುಬ್ಯಾನ್ ಬಳಸುವವರು ಅದರ ಫಿಲ್ಟರಿನಲ್ಲಿ ಹಳೆಯ ದಾರಿ ಉಳಿದಿದೆಯೇ ಎಂದೂ ನೋಡಬೇಕು.

ಸ್ಕ್ಯಾನರಿನ ಕೆಲಸ ಸರ್ವರಿನಲ್ಲಿರುವ ಫೈಲುಗಳನ್ನು ಮೂಲ ಪ್ರತಿಯೊಂದಿಗೆ ಹೋಲಿಸಿ ನೋಡುವುದು. ಅದು ತಂತ್ರಾಂಶದ ಫೋಲ್ಡರನ್ನೇ ಬುಡವೆಂದು ತೆಗೆದುಕೊಂಡರೆ, ಪಕ್ಕಕ್ಕೆ ಸರಿದ ಕಂಟೆಂಟ್ ಫೋಲ್ಡರ್ ಅದರ ಕಣ್ಣಿಗೆ ಬೀಳದೆ ಹೋಗಬಹುದು. ವರ್ಡ್‌ಫೆನ್ಸ್‌ನಲ್ಲಿ ಸ್ಥಾಪನೆಯ ಹೊರಗಿನ ಫೈಲುಗಳನ್ನೂ ನೋಡುವ ಆಯ್ಕೆ ಇದೆ. ಅದನ್ನು ತೆರೆದು, ಸ್ಕ್ಯಾನ್ ಮುಗಿದ ಮೇಲೆ ಲಾಗ್‌ನಲ್ಲಿ ಹೊಸ ಫೋಲ್ಡರಿನ ಹೆಸರು ಬಂದಿದೆಯೇ ಎಂದು ಹುಡುಕಬೇಕು. ಇಷ್ಟರ ಮೇಲೂ ಅನುಮಾನವಿದ್ದರೆ ವರ್ಡ್‌ಪ್ರೆಸ್ಸಿನ ಆಜ್ಞಾಸಾಲಿನ ಸಾಧನವಾದ ಡಬ್ಲ್ಯೂಪಿ-ಸಿಎಲ್‌ಐನ ಚೆಕ್‌ಸಮ್ ಆಜ್ಞೆಗಳಿಂದ ತಂತ್ರಾಂಶವನ್ನೂ ಪ್ಲಗಿನ್‌ಗಳನ್ನೂ ತಾಳೆ ನೋಡಬಹುದು.

ಕೆಲಸದ ಕ್ರಮ

ಹೊಸ ತಾಣವಾದರೆ ಫೋಲ್ಡರ್ ಏರ್ಪಾಡು ಮೊದಲು, ಸುರಕ್ಷಾ ಪ್ಲಗಿನ್ ಆಮೇಲೆ. ಓಡುತ್ತಿರುವ ತಾಣವಾದರೆ ಬ್ಯಾಕಪ್ ತೆಗೆದು, ಫೈರ್‌ವಾಲಿನ ವಿಸ್ತೃತ ರಕ್ಷಣೆಯನ್ನು ಪ್ಲಗಿನ್ ಪರದೆಯಿಂದಲೇ ತೆಗೆಸಿ, 5 ನಿಮಿಷ ಬಿಟ್ಟು ಫೋಲ್ಡರ್ ಸರಿಸಬೇಕು. ನಂತರ ಕಾನ್‌ಸ್ಟಂಟ್‌ಗಳನ್ನು ಬರೆದು, ಡೇಟಾಬೇಸಿನಲ್ಲಿ ಉಳಿದ ಹಳೆಯ ವಿಳಾಸಗಳನ್ನು ಬದಲಿಸಬೇಕು. ಇದಕ್ಕೆ ನೇರವಾಗಿ ಎಸ್‌ಕ್ಯೂಎಲ್ ಬಳಸಿದರೆ ಸೀರಿಯಲೈಸ್ ಆದ ಮಾಹಿತಿ ಕೆಡುತ್ತದೆ. ಡಬ್ಲ್ಯೂಪಿ-ಸಿಎಲ್‌ಐನ ಸರ್ಚ್-ರಿಪ್ಲೇಸ್ ಅದನ್ನು ನಿಭಾಯಿಸುತ್ತದೆ. ಕೊನೆಗೆ ವಿಸ್ತೃತ ರಕ್ಷಣೆಯನ್ನು ಮತ್ತೆ ಹಾಕಬೇಕು. ನಡುವೆ ತಾಣ ಮಲಗಿದರೆ ಐಎನ್‌ಐ ಫೈಲಿನ ಆ ಒಂದು ಸಾಲಿನ ಮೊದಲು ಅರ್ಧವಿರಾಮ ಹಾಕಿ ಕಾದರೆ ಎದ್ದು ನಿಲ್ಲುತ್ತದೆ. ಎಚ್‌ಟಿಆಕ್ಸೆಸ್‌ನಲ್ಲಾದರೆ ಅರ್ಧವಿರಾಮದ ಬದಲು ಹ್ಯಾಶ್ ಗುರುತು.

ಪ್ರತಿ ಬಿಡುಗಡೆಯನ್ನೂ ಹೊಸ ಫೋಲ್ಡರಿನಲ್ಲಿಟ್ಟು ‘ಕರೆಂಟ್’ ಎಂಬ ಸಿಮ್‌ಲಿಂಕ್ ತಿರುಗಿಸುವ ಪದ್ಧತಿ ಇರುವ ಕಡೆ ಐಎನ್‌ಐ ಸಾಲು ಸಿಮ್‌ಲಿಂಕಿನ ದಾರಿಯನ್ನೇ ಹೇಳಬೇಕು. ನಿರ್ದಿಷ್ಟ ಬಿಡುಗಡೆಯ ದಾರಿ ಬರೆದರೆ, ಹಳೆಯ ಬಿಡುಗಡೆಗಳನ್ನು ಅಳಿಸಿದ ದಿನ ತಾಣ ನಿಲ್ಲುತ್ತದೆ. ಫೈರ್‌ವಾಲಿನ ಲಾಗ್ ಫೋಲ್ಡರನ್ನೂ ಬಿಡುಗಡೆಗಳ ಹೊರಗೆ ಇಡಬೇಕು. ಇಲ್ಲದಿದ್ದರೆ ಕಲಿತ ನಿಯಮಗಳೂ ತಡೆದ ಐಪಿಗಳ ಪಟ್ಟಿಯೂ ಪ್ರತಿ ಸಲ ಬರಿದಾಗುತ್ತವೆ.

ಪರೀಕ್ಷೆಗೆ ದೊಡ್ಡ ಸಲಕರಣೆ ಬೇಕಿಲ್ಲ. ಒಂದು ಪದವನ್ನಷ್ಟೇ ಮುದ್ರಿಸುವ ಪಿಎಚ್‌ಪಿ ಫೈಲನ್ನು ಅಪ್‌ಲೋಡ್ಸ್ ಒಳಗಿಟ್ಟು ಬ್ರೌಸರಿನಲ್ಲಿ ಅದರ ವಿಳಾಸ ತೆರೆಯಬೇಕು. 403 ಬಂದರೆ ನಿಯಮ ತಗುಲಿದೆ. ಆ ಪದ ಕಂಡರೆ ಡ್ಯಾಶ್‌ಬೋರ್ಡ್ ಏನೇ ಹೇಳಲಿ, ಕಾವಲಿಲ್ಲ. ಇನ್ನು ರೂಟ್‌ನಲ್ಲೊಂದು, ತಂತ್ರಾಂಶದ ಫೋಲ್ಡರಿನಲ್ಲೊಂದು ಹೀಗೆ ಎರಡು ಕಡೆ ಆಟೋ ಪ್ರಿಪೆಂಡ್ ಸೆಟ್ಟಿಂಗಿನ ಮೌಲ್ಯವನ್ನು ಮುದ್ರಿಸುವ ಫೈಲಿಟ್ಟು ನೋಡಿದರೆ, ಎರಡೂ ಕಡೆ ಒಂದೇ ಸರಿಯಾದ ದಾರಿ ಬರಬೇಕು. ಪರೀಕ್ಷೆ ಮುಗಿದ ಕೂಡಲೇ ಈ ಫೈಲುಗಳನ್ನೆಲ್ಲ ಅಳಿಸಬೇಕು, ಸರ್ವರ್ ಬದಲಾದಾಗ ಅಥವಾ ಪಿಎಚ್‌ಪಿ ಓಡುವ ಬಗೆ ಬದಲಾದಾಗ ಇದೇ ಪರೀಕ್ಷೆಯನ್ನು ಮತ್ತೆ ಮಾಡಬೇಕು.